ಮಡಿ ಕೋಣೆಯ ಫೋನು

ಕೆಟ್ಟದ್ದು ಕಂಪ್ಯೂಟರ್ ಅಲ್ಲ, ಕಂಪನಿಯೂ ಅಲ್ಲ, ನಮ್ಮ ಬುದ್ಧಿ. ಮಗ ಅದಕ್ಕೆ ಗ್ರಹಚಾರ ಎಂದು ಹೆಸರಿಟ್ಟ. ಗಲ್ಲಿಯವರು ತಪ್ಪನ್ನು ಇಂಟರ್‌ನೆಟ್ ಮೇಲೆ ಹಾಕಿದರು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಸೊಸೆ ಸರಿಯಾದ ಮನೆ ಹುಡುಕಿ ಸರಿಯಾದ ಬೀಗ ಹಾಕಿಸಿದ್ದಳು. ನಾವು ಅದರ ಕೀಲಿಕೈ ತಂದು ಯಾರೂ ಮುಟ್ಟಬಾರದ ಜಾಗದಲ್ಲಿಟ್ಟೆವು. ನಡೆದದ್ದು ಇಷ್ಟೇ.

ನಮ್ಮದು ಹರಿಶ್ಚಂದ್ರ ಘಾಟಿನಿಂದ ಮೇಲಕ್ಕೆ ಹತ್ತುವ ಗಲ್ಲಿಯಲ್ಲಿ ಹಳೆಯ ಮನೆ. ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಶ್ರಾದ್ಧ, ಅಸ್ಥಿವಿಸರ್ಜನೆ, ಗಂಗಾಪೂಜೆ ಮಾಡಿಸುವುದು ನನ್ನ ಗಂಡನ ಮನೆತನದ ಕೆಲಸ. ನಾನು ನಾಲ್ಕನೇ ಕ್ಲಾಸು ಓದಿ, ಮದುವೆಯಾಗಿ, ಹಾಸನದ ಕಡೆಯಿಂದ ಇಲ್ಲಿಗೆ ಬಂದವಳು. ಗಂಡ ಹೋದ ಮೇಲೆ ಮಗ ಮಾಡಿಸುತ್ತಿದ್ದಾನೆ. ಇದನ್ನು ವ್ಯಾಪಾರ ಎಂದರೆ ಅವನಿಗೆ ಸಿಟ್ಟು. ಧಾರವಾಡದ ಕಡೆಯವಳಾದ ಸೊಸೆ ವ್ಯಾಪಾರ ಅಂತಲೇ ಹೇಳುತ್ತಾಳೆ. ಅವಳು ಹೇಳುವುದೇ ಸರಿ. ಅಕ್ಕಿ ಬೇಳೆ ಅದರಿಂದಲೇ ಬರುವುದು.

ಈಗ ಕಾಶಿಗೆ ಬರಲಾಗದವರೂ ಬಹಳ. ಮಂಡಿನೋವು, ಸಕ್ಕರೆ ಕಾಯಿಲೆ, ಕರೆತರುವವರಿಲ್ಲ. ಅಂಥವರು ಫೋನಿನಲ್ಲಿ ಹೇಳುತ್ತಾರೆ. ತೀರಿಕೊಂಡವರ ತಿಥಿಯ ದಿನ ನನ್ನ ಮಗ ಅವರ ಪರವಾಗಿ ಇಲ್ಲೇ ಮನೆಯಲ್ಲಿ ಶ್ರಾದ್ಧ ಮಾಡುತ್ತಾನೆ, ಅವರು ತಮ್ಮ ಊರಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ. ಮೊದಲು ನನಗೆ ಇದು ಹಿಡಿಸಿರಲಿಲ್ಲ. ಆಮೇಲೆ ಒಬ್ಬ ಮುದುಕರು ಪಿಂಡ ಇಡುವುದನ್ನು ಕಂಡು ಅಲ್ಲಿಂದಲೇ ಕೈ ಮುಗಿದದ್ದು ನೋಡಿದೆ. ಅವತ್ತಿನಿಂದ ಬಾಯಿ ಮುಚ್ಚಿಕೊಂಡೆ.

ಈ ಕೆಲಸದಲ್ಲಿ ತಪ್ಪಿಗೆ ಜಾಗವಿಲ್ಲ. ಪಕ್ಷಮಾಸದಲ್ಲಿ ಒಬ್ಬೊಬ್ಬರಿಗೂ ಅವರವರ ತಿಥಿ. ಆ ದಿನ ಮಧ್ಯಾಹ್ನದ ಹೊತ್ತು ಕಳೆದರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಕಾದು ಕೂತ ವಯಸ್ಸಾದವರಿಗೆ ಮುಂದಿನ ವರ್ಷ ಅಂತ ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಯಾರ ಗೋತ್ರ ಯಾವುದು, ಮೂರು ತಲೆಮಾರಿನ ಹೆಸರು, ತಿಥಿ, ಫೋನ್ ನಂಬರು, ಎಲ್ಲ ಸೊಸೆಯ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಕಂಪ್ಯೂಟರು ಕೆಳಗಿನ ಮುಂಗೋಣೆಯಲ್ಲಿ ಇರುತ್ತಿತ್ತು.

ಹೋದ ಶ್ರಾವಣದಲ್ಲಿ ಗಂಗೆ ಮೆಟ್ಟಿಲು ಬಿಟ್ಟು ಗಲ್ಲಿಗೆ ಬಂದಳು. ಇಲ್ಲಿಯವರು ಬಾಢ್ ಅನ್ನುತ್ತಾರೆ, ಅದು ಇಲ್ಲಿ ಹೊಸತಲ್ಲ. ನಾವು ಅಕ್ಕಿ ಮೂಟೆ ಮೇಲೆ ಸಾಗಿಸಿದೆವು, ಬೆಲ್ಲ ಸಾಗಿಸಿದೆವು, ದರ್ಭೆಯ ಕಟ್ಟು ಸಾಗಿಸಿದೆವು. ಕಂಪ್ಯೂಟರನ್ನು ಮಗ ಮೇಲೆ ತಂದಿದ್ದಾನೆ ಅಂತ ಸೊಸೆ, ಸೊಸೆ ತಂದಿದ್ದಾಳೆ ಅಂತ ಮಗ. ನೀರು ಇಳಿದ ಮೇಲೆ ಅದರ ಹೊಟ್ಟೆಯಿಂದ ಕೆಸರು ಸುರಿಯಿತು. ರಿಪೇರಿಯವನು ಹೇಗೋ ಒಳಗಿನದ್ದನ್ನು ಹೊರಗೆ ತೆಗೆದ. ಬಹುಪಾಲು ಸಿಕ್ಕಿತು. ಸಿಗದವರನ್ನು ಸೊಸೆ ಒಬ್ಬೊಬ್ಬರಾಗಿ ಹುಡುಕಿ, ಫೋನ್ ಮಾಡಿ, ಕೇಳಿ ಬರೆದುಕೊಂಡಳು. ಆಮೇಲೆ ಹೇಳಿದಳು: "ಇನ್ನ ಮ್ಯಾಲೆ ಇದು ಮನ್ಯಾಗ ಇರೂದಿಲ್ಲರಿ. ಕ್ಲೌಡಿನಾಗ ಇಡೂದು."

ಕ್ಲೌಡ್ ಅಂದರೆ ಮೋಡ ಅಂತ ಮಗ ಹೇಳಿದ. "ಸರಿಹೋಯ್ತು" ಅಂದೆ ನಾನು, "ನೀರಿನಲ್ಲಿ ನೆಂದು ಹಾಳಾದ್ದನ್ನ ಈಗ ಮೋಡದಲ್ಲಿ ಇಡ್ತೀರಾ?"

ಸೊಸೆ ನಗಲಿಲ್ಲ. ಎಳ್ಳು ಆರಿಸುತ್ತಾ ನನ್ನ ಎದುರಿಗೆ ಕೂತಳು. "ಅದು ಹೆಸರಷ್ಟ ಅತ್ತಿ. ಬ್ಯಾರೆ ಬ್ಯಾರೆ ಊರಾಗ ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟಿರ್ತಾರ. ಅದರಾಗ ನಮಗೊಂದು ಖೋಲಿ ಬಾಡಿಗಿಗೆ ಕೊಡ್ತಾರ."

"ಯಾರ ಮನೇಲೋ ಜನರ ಅಪ್ಪ ಅಮ್ಮಂದಿರನ್ನ ಇಡೋದೇನೇ?"

"ಮನಿ ಅವರದು, ಕೀಲಿ ನಮ್ಮದು. ಪಕ್ಷಮಾಸಕ್ಕ ನೀವು ದೊಡ್ಡ ಪಾತ್ರಿ ಬಾಡಿಗಿಗೆ ತರಸ್ತೀರಿಲ್ಲೋ? ಅವನ್ನ ವರ್ಷಪೂರ್ತಿ ಇಟ್ಕೋತೀರೇನು? ಇದೂ ಹಂಗ. ಹದಿನೈದು ದಿನ ಎಲ್ಲಾರೂ ಒಮ್ಮೆಲೇ ನೋಡಾಕ ಬರ್ತಾರ, ಆಗ ಖೋಲಿ ದೊಡ್ಡದು ಮಾಡಸೂದು. ಆಮ್ಯಾಲೆ ಸಣ್ಣದು."

ಪಾತ್ರೆಯ ಮಾತು ನನಗೆ ಅರ್ಥವಾಯಿತು. ಉಳಿದದ್ದು ಅರ್ಥವಾಗಲಿಲ್ಲ.

ಬಾಡಿಗೆಗೆ ವಿಚಾರಿಸಿದ್ದು ಮೂರು ಕಡೆ. ಮೊದಲನೆಯವರು ಇಲ್ಲೇ ಕಾಶಿಯ ಲಂಕಾ ಬಡಾವಣೆಯಲ್ಲಿ ಒಂದು ದುಕಾನಿನವರು. ಊರಿನವರೇ, ಕರೆದರೆ ಬರುತ್ತಾರೆ ಅಂತ ಮಗನ ಸ್ನೇಹಿತರು ಹೇಳಿದ್ದರು. ಸೊಸೆ ಆಟೋ ಹತ್ತಿ ಹೋಗಿ ಅವರ ಕಂಪ್ಯೂಟರ್ ಕೋಣೆ ತೋರಿಸಿ ಅಂದಳಂತೆ. ತೋರಿಸಿದರು. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ನೀರಿನ ಗೆರೆ ಇತ್ತಂತೆ. ನಮಸ್ಕಾರ ಹೇಳಿ ಅದೇ ಆಟೋದಲ್ಲಿ ವಾಪಸು ಬಂದಳು.

ಎರಡನೆಯವನು ಮನೆಗೇ ಬಂದ. ಯಾವುದೋ ಕಂಪನಿಯ ಕನ್ನಡದ ಮನುಷ್ಯ, ತುಮಕೂರಿನ ಕಡೆಯವನು, ಈ ಕಡೆಗೆ ವರ್ಗವಾಗಿ ಬಂದಿದ್ದ. ಬಾಗಿಲಲ್ಲೇ ಚಪ್ಪಲಿ ಬಿಟ್ಟ. ನನ್ನ ಕಾಲು ಮುಟ್ಟಿದ. ಊಟಕ್ಕೆ ಕೂರಿಸಿದರೆ ಹಾಗಲಕಾಯಿ ಗೊಜ್ಜನ್ನು ಎರಡು ಸಲ ಕೇಳಿ ಹಾಕಿಸಿಕೊಂಡ. "ಅಮ್ಮಾ, ಈ ರುಚಿ ತಿಂದು ಎಷ್ಟು ದಿನ ಆಗಿತ್ತು" ಅಂದ. ನನಗೆ ಅಲ್ಲೇ ತೀರ್ಮಾನ ಆಗಿಹೋಯಿತು. ಮಗನಿಗೂ ಆಗಿತ್ತು.

ಸೊಸೆ ಮಜ್ಜಿಗೆ ಬಡಿಸುತ್ತಾ ಕೇಳಿದಳು: "ನಾಳೆ ನಾವು ನಿಮ್ಮನ್ನ ಬಿಟ್ಟು ಹೋಗ್ತೀವಿ ಅಂದ್ರ, ನಮ್ಮ ಸಾಮಾನು ಹ್ಯಾಂಗ ವಾಪಸ್ ಕೊಡ್ತೀರಿ?"

ಅವನು ನಕ್ಕ. "ಅಯ್ಯೋ, ಶುಭಕ್ಕೆ ಮುಂಚೆ ಬಿಟ್ಟು ಹೋಗೋ ಮಾತು ಯಾಕ್ರಮ್ಮಾ?"

"ಅದಕ್ಕ ಕೇಳಾಕತ್ತೀನಿ. ಶುಭಕ್ಕ ಮುಂಚೇನ ಕೇಳಬೇಕು."

"ಮೊದಲ ವರ್ಷ ಪೂರಾ ಫ್ರೀ ಕೊಡ್ತೀವಿ."

"ಅದು ಒಳಗ ಬರೂದು. ನಾ ಕೇಳಿದ್ದು ಹೊರಗ ಹೋಗೂದು."

ಅವನು ಎಲೆ ಮಡಚಿದ. ಯಾವ ಕಡೆ ಮಡಚಬೇಕು ಅನ್ನುವುದು ಅವನಿಗೆ ಗೊತ್ತಿತ್ತು, ಮಡಚಿ ಕೈ ತೊಳೆಯಲು ಎದ್ದ. ಅವನು ಹೋದ ಮೇಲೆ ನಾನು ಸೊಸೆಯನ್ನು ಬೈದೆ. ನಿಶ್ಚಿತಾರ್ಥಕ್ಕೆ ಬಂದ ಗಂಡಿನ ಹತ್ತಿರ ಡೈವೋರ್ಸಿನ ಮಾತಾಡಿದ ಹಾಗಾಯಿತಲ್ಲೇ, ಕಾಲು ಮುಟ್ಟಿದ ಹುಡುಗ ಅಂದೆ. ಅವಳು ಎಲೆ ಎತ್ತುತ್ತಾ, "ಕಾಲು ಛಲೋ ಮುಟ್ಟಿದ ಅತ್ತಿ, ಇಲ್ಲ ಅನ್ನೂದಿಲ್ಲ" ಅಂದಳು. ಅಷ್ಟೇ.

ಮೂರನೆಯದು ದೊಡ್ಡ ಕಂಪನಿ. ಅವರು ಯಾರ ಮನೆಗೂ ಬರುವುದಿಲ್ಲ. ಮುಖವೇ ಇಲ್ಲ. ಸೊಸೆ ಅವರ ಸಹಾಯದ ನಂಬರಿಗೆ ಬೆಳಿಗ್ಗೆ ಒಮ್ಮೆ, ಭಾನುವಾರ ಒಮ್ಮೆ, ಹಬ್ಬದ ದಿನ ಒಮ್ಮೆ ಫೋನ್ ಮಾಡಿ ನೋಡಿದಳು, ಹೊಸ ಅಡಿಗೆಯವನನ್ನು ನಾವು ಬೆಳಗಿನ ಜಾವಕ್ಕೇ ಅಡಿಗೆಯಾಗಬೇಕಾದ ದ್ವಾದಶಿ ದಿನವೇ ಕರೆದು ಪರೀಕ್ಷೆ ಮಾಡುವ ಹಾಗೆ. ಪ್ರತಿಸಲವೂ ಯಾರಾದರೂ ಎತ್ತಿಕೊಂಡರು. ಹಬ್ಬದ ದಿನ ಎತ್ತಿಕೊಂಡ ಹುಡುಗಿ ಹಿಂದಿಯಲ್ಲಿ ನಿಧಾನವಾಗಿ, ಸಿಡುಕದೆ, ಎಲ್ಲ ಹೇಳಿದಳು. ಸಾಮಾನು ಎರಡು ಊರಿನಲ್ಲಿ ಇಡುತ್ತೇವೆ, ಒಂದು ಊರು ಮುಳುಗಿದರೆ ಇನ್ನೊಂದರಲ್ಲಿ ಇರುತ್ತದೆ. ಯಾವಾಗ ಬೇಕಾದರೂ ನೀವೇ ಇಳಿಸಿಕೊಂಡು ಹೋಗಬಹುದು. ಕೊನೆಗೆ ಒಂದು ಮಾತು ಅವಳೇ ಸೇರಿಸಿದಳು: "ದೀದಿ, ಕೀಲಿಕೈ ಒಬ್ಬರ ಹತ್ತಿರವೇ ಇಡಬೇಡಿ. ಇಬ್ಬರ ಹತ್ತಿರ ಇರಲಿ."

ಕೀಲಿಕೈ ಅಂದರೆ ಫೋನಿಗೆ ಬರುವ ಅಂಕಿ. ಯಾರಾದರೂ ಹೊಸ ದಾರಿಯಿಂದ ಒಳಗೆ ಬರಲು ನೋಡಿದರೆ ಕಂಪನಿ ಒಂದು ಫೋನಿಗೆ ಅಂಕಿ ಕಳಿಸುತ್ತದೆ, ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ.

ಸೊಸೆ ದೊಡ್ಡ ಕಂಪನಿಯೇ ಅಂದಳು. ಮಗ ಒಪ್ಪಿದ, ಆದರೆ ಒಂದು ಹಟ ಹಿಡಿದ. ಅಂಕಿ ಬರುವ ನಂಬರು ಅವನ ಅಪ್ಪನ ನಂಬರೇ ಆಗಬೇಕು, ಅದೊಂದೇ ಆಗಬೇಕು. ಆ ನಂಬರು ಕರ್ನಾಟಕದಲ್ಲಿ ಎಷ್ಟೋ ಮನೆಗಳ ಕ್ಯಾಲೆಂಡರಿನ ಹಿಂದೆ ಬರೆದಿರುತ್ತದೆ. ಮನೆಯ ಗೌರವ ಅದರಲ್ಲಿದೆ ಅಂದ.

"ಇಬ್ಬರ ಹತ್ರ ಇರಲಿ ಅಂತ ಆ ಹುಡುಗಿ ಹೇಳ್ಯಾಳ" ಅಂದಳು ಸೊಸೆ.

"ಅವಳೇನು ಶ್ರಾದ್ಧ ಮಾಡಿಸ್ತಾಳಾ?" ಅಂದ ಮಗ.

ನಾನು ಮಗನ ಕಡೆಯೇ ಮಾತಾಡಿದೆ. ಗಂಡನ ನಂಬರು ಅಂದಾಗ ನನ್ನ ಮನಸ್ಸೂ ಮೆತ್ತಗಾಯಿತು. ಅದನ್ನೇನು ಮುಚ್ಚಿಡುವುದು.

ಪಕ್ಷಮಾಸ ಬಂತು. ಶ್ರಾದ್ಧ ಮೇಲಿನ ಅಂತಸ್ತಿನ ಹಜಾರದಲ್ಲಿ. ಹಜಾರದ ಈ ಕೊನೆಗೆ ನನ್ನ ಅಡಿಗೆಮನೆ, ಅದಕ್ಕೆ ಅಂಟಿಕೊಂಡು ಮಡಿ ಕೋಣೆ. ಅಲ್ಲಿ ಎತ್ತರದ ತಂತಿಯ ಮೇಲೆ ಮಡಿಬಟ್ಟೆ ಒಣಗುತ್ತದೆ, ಆ ಬಟ್ಟೆಯನ್ನು ಕೋಲಿನಿಂದಲೇ ಎತ್ತಬೇಕು. ಸ್ನಾನ ಮಾಡಿ ಮಡಿಯುಟ್ಟವರು ಮಾತ್ರ ಅಲ್ಲಿ ಕಾಲಿಡುವುದು. ಹಜಾರದ ಆ ಕೊನೆಯಲ್ಲಿ, ಸುಣ್ಣದಲ್ಲಿ ಎಳೆದ ಗೆರೆಯಾಚೆ, ಸೊಸೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ಅವಳು ಹೆಸರು ಗೋತ್ರ ಕೂಗುತ್ತಾಳೆ, ಮಗ ಸಂಕಲ್ಪ ಮಾಡುತ್ತಾನೆ, ಅತ್ತ ಊರಿನವರು ನೋಡುತ್ತಾರೆ. ಮಡಿಯಲ್ಲಿಲ್ಲದ ಅವಳು ಗೆರೆ ದಾಟಿದರೆ ಅಡಿಗೆಯೆಲ್ಲ ಮೊದಲಿಂದ ಆಗಬೇಕು. ಅಷ್ಟರಲ್ಲಿ ಹೊತ್ತು ಮೀರುತ್ತದೆ.

ಮೊದಲ ಒಂದೆರಡು ದಿನ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಮಗ ಅಪ್ಪನ ಆ ಫೋನನ್ನು ತಂದು, ಒಳಗೆ ಕಾಲಿಡದೆ ಬಾಗಿಲಿನಿಂದಲೇ ಕೈಚಾಚಿ, ಮಡಿ ಕೋಣೆಯ ಗೂಡಿನಲ್ಲಿ ಇಟ್ಟ. ಹಿಂದೊಮ್ಮೆ ಘಾಟಿನಲ್ಲಿ ಒಂದು ಫೋನನ್ನು ಕೋತಿ ಎತ್ತಿಕೊಂಡು ಹೋಗಿತ್ತು, ಆ ಹೆದರಿಕೆ. ಮಡಿ ಕೋಣೆ ಅಂದರೆ ಯಾರೂ ಮುಟ್ಟುವುದಿಲ್ಲ, ಭದ್ರ ಅಂದ. ನಾನೂ ಭದ್ರ ಅಂದೆ. ಅಂಕಿ ಬಂದರೆ ಮಡಿಯಲ್ಲಿರುವ ನಾವೂ ಮುಟ್ಟುವ ಹಾಗಿಲ್ಲ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಆ ದಿನದ ಮೊದಲ ಶ್ರಾದ್ಧ ದಾವಣಗೆರೆಯ ಒಬ್ಬ ಮುದುಕಿಯ ಗಂಡನದು. ಮಕ್ಕಳಿಲ್ಲ. ಹಿಂದಿನ ದಿನವೇ ಫೋನ್ ಮಾಡಿ, "ನೆಲದ ಮೇಲೆ ಕೂತ್ಕಳಾಕೆ ಆಗಲ್ಲ, ಕುರ್ಚಿ ಮೇಲೆ ಕೂತು ನೋಡಿದ್ರೆ ತಪ್ಪಾ?" ಅಂತ ಕೇಳಿದ್ದರು. ಆಕೆಯ ನಂತರ ಇನ್ನೂ ಕೆಲವರದು ಇತ್ತು. ನಿಮಂತ್ರಣದ ಬ್ರಾಹ್ಮಣರು ಬಂದು ಕೂತಿದ್ದರು. ವಡೆ ಎಣ್ಣೆಯಲ್ಲಿತ್ತು.

ಆಗ ಮನೆಯ ಇಂಟರ್‌ನೆಟ್ ಹೋಯಿತು. ಗಲ್ಲಿಯಲ್ಲಿ ಯಾರೋ ತಂತಿ ಎಳೆದಿದ್ದರು. ಸೊಸೆ ಗಾಬರಿಯಾಗಲಿಲ್ಲ, ತನ್ನ ಮೊಬೈಲಿನಿಂದ ಇಂಟರ್‌ನೆಟ್ ಕೊಟ್ಟಳು. ಕಂಪನಿಗೆ ಅನುಮಾನ ಬಂತು. ಇದು ಹೊಸ ದಾರಿ, ನೀವೇ ಹೌದೋ ಅಲ್ಲವೋ, ಅಂಕಿ ಒತ್ತಿ ಅಂತ ಕೇಳಿತು. ಅದರಲ್ಲಿ ತಪ್ಪೇನಿಲ್ಲ. ಒಳ್ಳೇ ಕಾವಲುಗಾರ ಮನೆಯ ಸೊಸೆಯನ್ನೂ ನಿಲ್ಲಿಸಿ ಕೇಳುತ್ತಾನೆ.

ಮಡಿ ಕೋಣೆಯಲ್ಲಿ ಫೋನು ಟಣ್ ಅಂದಿತು.

ಸೊಸೆ ಗೆರೆಯಾಚೆ ನಿಂತಳು. ಮಗ ಮಡಿಯಲ್ಲಿ, ಬೆರಳಲ್ಲಿ ದರ್ಭೆಯ ಪವಿತ್ರ, ಮಣೆಯ ಮೇಲೆ. ನಾನು ಮಡಿಯಲ್ಲಿ, ಒಲೆಯ ಮುಂದೆ. ಫೋನು ನಮ್ಮ ಮೂವರ ನಡುವೆ, ಗೂಡಿನಲ್ಲಿ, ಬೋರಲಾಗಿ ಮಲಗಿದೆ.

"ಅದರಾಗ ಅಂಕಿ ಬಂದದ" ಅಂದಳು ಸೊಸೆ.

"ನಾನು ಹೇಗೆ ಮುಟ್ಟಲಿ? ಮಣೆ ಮೇಲೆ ಕೂತಾಗಿದೆ" ಅಂದ ಮಗ.

"ಕಂಪನಿಯವರನ್ನ ಕೇಳೇ, ಹಾಗೇ ಬಾಗಿಲು ತೆಗೀರಿ ಅಂತ" ಅಂದೆ ನಾನು.

"ಕೇಳಿದ ಕೂಡಲೆ ತೆಗೀತಾರ ಅಂದ್ರ ಕಳ್ಳರಿಗೂ ತೆಗೀತಾರ ಅತ್ತಿ. ಅಂಥವರ ಹಂತೇಕ ನಾ ಇಡ್ತಿದ್ನೇನು?"

"ದಾವಣಗೆರೆಯವರಿಗೆ ನೀನೇ ಫೋನ್ ಮಾಡಿ ಗೋತ್ರ ಕೇಳಿಬಿಡು" ಅಂದ ಮಗ.

"ಅವರ ನಂಬರೂ ಕ್ಲೌಡಿನಾಗ ಅದ. ಇಲ್ಲಾ, ನಿಮ್ಮ ಆ ಫೋನಿನಾಗ ಅದ."

ಆಗ ಫೋನು ರಿಂಗಾಗಲು ಶುರುವಾಯಿತು. ಹೇಳಿದ ಹೊತ್ತಿಗೆ ಏನೂ ಕಾಣದೆ ಆ ಮುದುಕಿಯೇ ಮಾಡುತ್ತಿದ್ದಾರೆ ಅಂತ ಮೂವರಿಗೂ ಗೊತ್ತಾಯಿತು. ನಿಂತಿತು. ಮತ್ತೆ ಹೊಡೆಯಿತು. ಮಗ ಕಣ್ಣು ಮುಚ್ಚಿಕೊಂಡ. ಸೊಸೆಯ ಕಾಲು ಗೆರೆಯ ಹತ್ತಿರವೇ ಇತ್ತು. ಅವಳು ನನ್ನನ್ನು ನೋಡಿದಳು. ದಾಟಲಾ ಅಂತ ಬಾಯಿಬಿಟ್ಟು ಕೇಳಲಿಲ್ಲ, ದಾಟಲೂ ಇಲ್ಲ. ಇಬ್ಬರ ಹತ್ತಿರ ಇರಲಿ ಅಂತ ಅವತ್ತೇ ಬಡಕೊಂಡಿದ್ದೆ ಅಂತ ಅನ್ನಬಹುದಿತ್ತು. ಅನ್ನಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಂದೇ ಅನ್ನುತ್ತಿದ್ದೆ.

ನಾನು ವಡೆಯ ಬಾಣಲೆ ಇಳಿಸಿ ಮಡಿ ಕೋಣೆಗೆ ಹೋದೆ. ಮೊದಲು ಬಟ್ಟೆ ಎತ್ತುವ ಕೋಲು ತೆಗೆದುಕೊಂಡೆ. ಕೋಲಿನಿಂದ ಫೋನನ್ನು ಮಗುಚಿ, ಮುಟ್ಟದೆ, ಅಂಕಿ ಓದಿಬಿಡೋಣ ಅಂತ. ಕೋಲಿನ ತುದಿ ತಾಗಿದ್ದೇ ತಡ, ರಿಂಗಾಗುತ್ತಿದ್ದ ಫೋನು ಅಲುಗುತ್ತಾ ಅಲುಗುತ್ತಾ ಗೂಡಿನ ಅಂಚಿಗೆ ಬಂದು ಕೆಳಗೆ ದರ್ಭೆಯ ಕಟ್ಟಿನ ಮೇಲೆ ಬಿತ್ತು. ಬಿದ್ದರೂ ಹೊಡೆದುಕೊಳ್ಳುತ್ತಲೇ ಇತ್ತು.

"ಅಮ್ಮಾ, ಮುಟ್ಟಿದೆಯಾ?" ಅಂದ ಮಗ ಅಲ್ಲಿಂದಲೇ.

"ಇನ್ನೂ ಇಲ್ಲ, ಈಗ ಮುಟ್ತೀನಿ."

"ಅಮ್ಮಾ! ಮೈಲಿಗೆ!"

"ಫೋನಿಗೆ ಮೈಲಿಗೆ ಇದ್ರೆ ಬೆಳಗಿನಿಂದಲೇ ಆಗಿಹೋಗಿದೆಯಲ್ಲೋ. ತಂದಿಟ್ಟವನು ನೀನು. ಮೈಲಿಗೆಯನ್ನ ಮಡಿ ಕೋಣೇಲಿ ಕೂರಿಸಿ ಈಗ ನನ್ನ ಕೈ ಹಿಡೀತೀಯಾ?"

ಹಜಾರದಲ್ಲಿ ಬ್ರಾಹ್ಮಣರೊಬ್ಬರು ಕೆಮ್ಮಿದರು. ನಗು ತಡೆದುಕೊಂಡ ಕೆಮ್ಮು ಅದು. ಅವರೇ ನಿಧಾನವಾಗಿ, "ಅಜ್ಜಿಯವರು ಹೇಳೋದರಲ್ಲಿ ನ್ಯಾಯ ಇದೆ. ಅವರೊಬ್ಬರು ಸ್ನಾನ ಮಾಡಿ ಬರಲಿ, ಅಡಿಗೆಗೇನೂ ಆಗಿಲ್ಲ" ಅಂದರು. ಆ ಪುಣ್ಯಾತ್ಮರಿಗೆ ಅವತ್ತು ಒಂದು ವಡೆ ಹೆಚ್ಚಿಗೆ ಹಾಕಿಸಿದೆ.

ಫೋನು ಎತ್ತಿಕೊಂಡು ಗೆರೆ ದಾಟಿ ಸೊಸೆಯ ಹತ್ತಿರ ಬಂದೆ. ಬೆರಳು ಎಲ್ಲಿ ತಾಗಿತೋ, ಮುದುಕಿಯ ದನಿ ಕೇಳಿತು. "ಹಲೋ? ಕಾಶಿಯಾ? ಯಾರೂ ಕಾಣಿಸ್ತಾನೇ ಇಲ್ವಲ್ರೀ?"

"ಇದ್ದೀವಿ ಇದ್ದೀವಿ, ಎಲ್ಲೂ ಹೋಗಿಲ್ಲ. ಹಾಗೇ ಕೂತಿರಿ" ಅಂದೆ.

ಕನ್ನಡಕ ಒಲೆಯ ಹತ್ತಿರ ಉಳಿದಿತ್ತು. ಈಗ ಒಳಗೆ ಹೋಗುವ ಹಾಗಿಲ್ಲ. "ನೀವು ಓದ್ರಿ, ನಾ ಒತ್ತತೀನಿ" ಅಂತ ಸೊಸೆ ತನ್ನ ಕನ್ನಡಕ ತೆಗೆದು ನನ್ನ ಮೂಗಿಗೆ ಸಿಕ್ಕಿಸಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಅವಳದು ದೂರದ್ದು, ನನಗೆ ಬೇಕಾದದ್ದು ಹತ್ತಿರದ್ದು. ಫೋನನ್ನು ತೋಳುದ್ದ ಹಿಡಿದು ಅಂಕಿ ಓದಿದೆ. ಒತ್ತಿದಳು. "ಇದು ಹಳೇದಾತು ಅತ್ತಿ, ಹೊಸಾದು ತರಸ್ತೀನಿ" ಅಂದಳು. ಟಣ್ ಅಂತ ಇನ್ನೊಂದು ಬಂತು. ಮಗ್ಗಿ ಹೇಳುವ ಹುಡುಗಿಯ ಹಾಗೆ ಗಟ್ಟಿಯಾಗಿ ಒಂದೊಂದೇ ಓದಿದೆ. ಕೊನೆಯ ಅಂಕಿಗೆ ಪರದೆ ತೆರೆಯಿತು. ಹೆಸರು, ಗೋತ್ರ, ತಿಥಿ, ಎಲ್ಲ ಇದ್ದ ಹಾಗೇ ಇತ್ತು. ಗಂಗೆಯ ಕೆಸರು ಅದಕ್ಕೆ ಸೋಕಿರಲಿಲ್ಲ. ಸೊಸೆ ಆರಿಸಿದ ಮನೆ ಗಟ್ಟಿ ಮನೆ ಅಂತ ನನಗೆ ಆ ಗಳಿಗೆಯಲ್ಲಿ ತಿಳಿಯಿತು. ಗೊಜ್ಜು ತಿಂದು ಹೋದವನ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ, ಅದು ನನಗೆ ಗೊತ್ತಿಲ್ಲ. ಅವನು ಕೆಟ್ಟವನಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಅಷ್ಟೇ.

ದಾವಣಗೆರೆಯವರು ಪರದೆಯಲ್ಲಿ ಕಂಡರು. ಕುರ್ಚಿಯ ಮೇಲೆ ನೇರವಾಗಿ ಕೂತಿದ್ದರು, ತೊಡೆಯ ಮೇಲೆ ಗಂಡನ ಫೋಟೊ. ನಮ್ಮ ಕಡೆಗೆ ಅದರ ಮುಖ ತಿರುಗಿಸಿದ್ದರು, ಗಂಡನೂ ನೋಡಲಿ ಅಂತಲೋ ಏನೋ.

"ತಡ ಆತು, ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದಳು ಸೊಸೆ.

"ಆಗ್ಲಿ ಬಿಡವ್ವಾ. ನಮ್ಮನೆಯೋರು ಬದುಕಿದ್ದಾಗ್ಲೂ ಉಣ್ಣಾಕೆ ಒಂದಿನ ಹೊತ್ತಿಗೆ ಸರಿಯಾಗಿ ಬಂದೋರಲ್ಲ. ಕಾದು ಕಾದು ನಂಗೆ ರೂಢಿ ಐತೆ. ನೀವೇ ಬಾಗ್ಲು ಹಾಕ್ಕಂಡ್ರೇನೋ ಅನ್ಕಂಡು ಹೆದ್ರಿದ್ದೆ, ಅಷ್ಟೇಯ."

ಹೊತ್ತು ಇನ್ನೂ ಇತ್ತು. ಮಗ ಸಂಕಲ್ಪ ಶುರುಮಾಡಿದ. ನಾನು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಮಂಡಿ ನೋಯುತ್ತಿತ್ತು, ನೀರು ತಣ್ಣಗಿತ್ತು, ಒಳಗಿನಿಂದ ಸೊಸೆ ಮೂರು ತಲೆಮಾರಿನ ಹೆಸರು ಕೂಗುವುದು ಕೇಳುತ್ತಿತ್ತು. ಅವಳು ಆ ಹೆಸರುಗಳನ್ನು ಕೆಸರಿನಿಂದ ಹೆಕ್ಕಿದ್ದು, ಯಾರು ಯಾರಿಗೋ ಫೋನ್ ಮಾಡಿದ್ದು, ಆಟೋ ಹತ್ತಿ ಗೋಡೆಯ ಗೆರೆ ನೋಡಿ ಬಂದದ್ದು, ಹಬ್ಬದ ದಿನ ಹೋಳಿಗೆ ತಟ್ಟುವುದು ಬಿಟ್ಟು ಆ ಹುಡುಗಿಯ ಹತ್ತಿರ ಮಾತಾಡಿದ್ದು, ಎಲ್ಲಕ್ಕೂ ನಾನು ಒಂದೊಂದು ಕೊಂಕು ಆಡಿದ್ದೆ. ಅವಳು ಒಂದನ್ನೂ ತಿರುಗಿ ಆಡಿರಲಿಲ್ಲ. ಇಂಥವಳು ನಮ್ಮ ಮನೆಗೆ ಬಂದದ್ದು ನನ್ನ ಪುಣ್ಯ. ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ. ಮುಖ ಗೊತ್ತಿಲ್ಲದ ಆ ಹಿಂದಿ ಹುಡುಗಿಯೂ ಚೆನ್ನಾಗಿರಲಿ.

ಆ ದಿನ ಯಾರ ತಿಥಿಯೂ ತಪ್ಪಲಿಲ್ಲ. ಸಂಜೆ ಮಗ ಗ್ರಹಚಾರ ಅಂದ.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಮುಂಚೆ, ಇನ್ನೂ ಮೈಲಿಗೆಯಲ್ಲಿರುವಾಗಲೇ, ಗಂಡನ ಫೋನನ್ನು ತೆಗೆದುಕೊಂಡು ಹೋಗಿ ಗೆರೆಯಾಚೆ ಸೊಸೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟೆ. ಅವಳನ್ನು ಎದುರಿಗೆ ಕೂರಿಸಿ, ಆ ಹುಡುಗಿ ಹೇಳಿದ ಹಾಗೆ ಎರಡನೇ ಕೀಲಿಕೈ ಅವಳ ಸ್ವಂತ ನಂಬರಿಗೆ ಹಾಕಿಸಿದೆ. ಟಣ್ ಅಂತ ಅವಳ ಫೋನಿಗೆ ಅಂಕಿ ಬರುವುದನ್ನು ಕಣ್ಣಾರೆ ನೋಡಿದೆ. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದೆ.